ಘಾಟಿಯಲ್ಲಿ ಇ-ಸ್ಕೂಟರ್: ಕಿಲೋಮೀಟರ್ ಬಿಡಿ, ಎತ್ತರ ಲೆಕ್ಕ ಹಾಕಿ

ಒಂದೇ ಮಾಡೆಲ್ ಇ-ಸ್ಕೂಟರ್ ಬಗ್ಗೆ ಕುಶಾಲನಗರದವರು ‘ನೂರು ಕಿ.ಮೀ. ಆರಾಮಾಗಿ ಬರ್ತದೆ’ ಅನ್ನುತ್ತಾರೆ. ಮಡಿಕೇರಿಯವರು ‘ಅರವತ್ತಕ್ಕೇ ಉಸಿರು ಬಿಡ್ತದೆ’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಪಿರಿಯಾಪಟ್ಟಣದ ಕಡೆಯ ಬಯಲಿನಲ್ಲಿ ಓಡಿಸುತ್ತಾರೆ, ಇನ್ನೊಬ್ಬರು ದಿನಾ ಗುಡ್ಡ ಹತ್ತುತ್ತಾರೆ. ಕೊಡಗಿನಲ್ಲಿ ಬ್ಯಾಟರಿ ಗಾಡಿ ತೆಗೆದುಕೊಳ್ಳುವವರು ‘ಎಷ್ಟು ಕಿ.ಮೀ. ಬರುತ್ತದೆ’ ಎಂದು ಕೇಳುವುದೇ ಅರ್ಧ ಪ್ರಶ್ನೆ. ‘ಎಷ್ಟು ಮೀಟರ್ ಎತ್ತರ ಏರಬೇಕು, ಎಷ್ಟು ಭಾರ ಹೊತ್ತು’ ಎನ್ನುವುದು ಉಳಿದರ್ಧ.

ಮೊದಲು ಶೋರೂಮಿನ ಅಂಕಿ. ಕರಪತ್ರದಲ್ಲಿರುವ ‘ಐಡಿಸಿ ರೇಂಜ್’ ಎಂದರೆ ಪ್ರಯೋಗಶಾಲೆಯ ರೋಲರ್ ಮೇಲೆ ಗಾಡಿ ನಿಲ್ಲಿಸಿ, ನಿಗದಿಪಡಿಸಿದ ವೇಗದ ಏರಿಳಿತದಲ್ಲಿ ಓಡಿಸಿ ಅಳೆದದ್ದು. ಅಲ್ಲಿ ಏರು ಇಲ್ಲ, ಮಳೆ ಇಲ್ಲ, ಹಿಂದೆ ಕೂತವರಿಲ್ಲ. ಬಯಲು ರಸ್ತೆಯಲ್ಲೇ ಅದರ ಮೂರನೇ ಎರಡರಿಂದ ಮುಕ್ಕಾಲು ಭಾಗ ಸಿಕ್ಕರೆ ಸರಿ ಎನ್ನಬೇಕು. ಗುಡ್ಡದ ಲೆಕ್ಕ ಅದರ ಮೇಲೆ ಬೇರೆ.

ಆ ಲೆಕ್ಕ ಕಷ್ಟದ್ದೇನಲ್ಲ. ಗಾಡಿ 120 ಕೆ.ಜಿ., ಮೇಲೆ ಇಬ್ಬರು ಸೇರಿ 130 ಕೆ.ಜಿ., ಒಟ್ಟು 250 ಎಂದಿಟ್ಟುಕೊಳ್ಳಿ. ಇಷ್ಟು ಭಾರವನ್ನು 100 ಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿ 68 ವ್ಯಾಟ್-ಅವರ್ (ಸಾವಿರ ವ್ಯಾಟ್-ಅವರ್ ಸೇರಿದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್). ಮೋಟಾರ್, ಅದಕ್ಕೆ ಕರೆಂಟ್ ಅಳೆದು ಕೊಡುವ ಕಂಟ್ರೋಲರ್, ವೈರುಗಳಲ್ಲಿ ಸುಮಾರು ಐದನೇ ಒಂದು ಪಾಲು ಬಿಸಿಯಾಗಿ ಹೋಗುವುದರಿಂದ ಬ್ಯಾಟರಿಯಿಂದ ಇಳಿಯುವುದು 85ರ ಹತ್ತಿರ. ಇದೇ ಗಾಡಿ ಸಮತಟ್ಟಾದ ರಸ್ತೆಯಲ್ಲಿ 35-40ರ ವೇಗದಲ್ಲಿ ಕಿ.ಮೀ.ಗೆ ಸುಮಾರು 27 ವ್ಯಾಟ್-ಅವರ್ ತಿನ್ನುತ್ತದೆ. ಅಂದರೆ ಇಬ್ಬರು ಕೂತಾಗ ಪ್ರತಿ 100 ಮೀಟರ್ ಏರಿಗೆ 3 ಕಿ.ಮೀ. ಹೆಚ್ಚುವರಿ ಓಡಿದಷ್ಟು ಖರ್ಚು. ಒಬ್ಬರೇ ಇದ್ದರೆ ಎರಡೂವರೆ ಕಿ.ಮೀ. 50 ಕೆ.ಜಿ. ಕಾಫಿ ಚೀಲವನ್ನು ಕಾಲ ಬಳಿ ಇಟ್ಟುಕೊಂಡರೆ ಇನ್ನೊಂದು ಅರ್ಧ ಕಿ.ಮೀ. ಸೇರಿಸಿ. ಇಷ್ಟು ನೆನಪಿದ್ದರೆ ಕೊಡಗಿನ ಯಾವ ರಸ್ತೆಯನ್ನಾದರೂ ಅಳೆಯಬಹುದು.

ಘಾಟಿಯ ಬುಡದ ಸಂಪಾಜೆಯಿಂದ ಮಡಿಕೇರಿಗೆ ಸುಮಾರು 28 ಕಿ.ಮೀ., ಏರು ಸುಮಾರು ಸಾವಿರ ಮೀಟರ್. ಇಬ್ಬರು ಕೂತರೆ 28ಕ್ಕೆ 30 ಸೇರಿಸಿ, 58 ಕಿ.ಮೀ. ಬಯಲಿನಲ್ಲಿ ಓಡಿದ ಖರ್ಚು. 3 ಕಿಲೋವ್ಯಾಟ್-ಅವರ್ ಬ್ಯಾಟರಿಯ ಗಾಡಿ ಬಯಲಿನಲ್ಲಿ ನಿಜವಾಗಿ ನೂರು ಕಿ.ಮೀ. ಕೊಡುತ್ತದೆಂದರೆ, ಮಡಿಕೇರಿಯಲ್ಲಿ ನಿಂತಾಗ 40 ಚಿಲ್ಲರೆ ಉಳಿದಿರುತ್ತದೆ. ಕುಶಾಲನಗರದಿಂದ ಮಡಿಕೇರಿಗೆ 30 ಕಿ.ಮೀ., ಏರು ಮುನ್ನೂರು ಮೀಟರ್ ಆಸುಪಾಸು. ಹೆಚ್ಚುವರಿ ಹೊರೆ 9 ಕಿ.ಮೀ. ಮಾತ್ರ. ಭಾಗಮಂಡಲದಿಂದ ತಲಕಾವೇರಿ ಬರೀ 8 ಕಿ.ಮೀ. ಆದರೂ ಮುನ್ನೂರು ಮೀಟರಿಗೂ ಮಿಕ್ಕಿದ ಏರು ಇರುವುದರಿಂದ 18-20 ಕಿ.ಮೀ. ಖರ್ಚಾಗುತ್ತದೆ. ನಿಮ್ಮ ರಸ್ತೆಯ ಏರು ಗೊತ್ತಿಲ್ಲದಿದ್ದರೆ ಫೋನಿನ ನಕ್ಷೆಯಲ್ಲಿ ನಡಿಗೆ ಅಥವಾ ಸೈಕಲ್ ದಾರಿ ಆರಿಸಿ ನೋಡಿ. ಎಷ್ಟು ಮೀಟರ್ ಏರು, ಎಷ್ಟು ಇಳಿಜಾರು ಎಂಬ ರೇಖೆ ಸಾಮಾನ್ಯವಾಗಿ ಕಾಣುತ್ತದೆ. ಕಾರಿನ ದಾರಿ ಆರಿಸಿದರೆ ಆ ರೇಖೆ ಬರುವುದಿಲ್ಲ. ನಡುವೆ ಇಳಿದು ಮತ್ತೆ ಹತ್ತುವ ದಾರಿಯಲ್ಲಿ ಎರಡು ಊರುಗಳ ಎತ್ತರದ ವ್ಯತ್ಯಾಸ ನೋಡಿದರೆ ಸಾಲದು, ಒಟ್ಟು ಏರನ್ನೇ ಎಣಿಸಬೇಕು. ಮಡಿಕೇರಿ–ಭಾಗಮಂಡಲ ಅಂಥದ್ದು.

ಹೆಚ್ಚು ಜನ ದಾರಿಯಲ್ಲಿ ನಿಲ್ಲುವುದು ಹತ್ತುವಾಗ ಬ್ಯಾಟರಿ ಸಾಲದೆ ಅಲ್ಲ, ಇಳಿದ ಮೇಲೆ ಪರದೆ ನಂಬಿ. ‘ಇನ್ನೆಷ್ಟು ಕಿ.ಮೀ.’ ಎಂಬ ಅಂಕಿಯನ್ನು ಗಾಡಿ ಲೆಕ್ಕ ಹಾಕುವುದು ಹಿಂದಿನ ಕೆಲವು ಕಿ.ಮೀ.ಗಳ ಸರಾಸರಿ ಖರ್ಚಿನಿಂದ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ಕೆಳಗೆ ತಲುಪಿದಾಗ ಹೊರಟಾಗ ಇದ್ದದ್ದಕ್ಕಿಂತ ದೊಡ್ಡ ಅಂಕಿ ಕಾಣಿಸುವುದೂ ಉಂಟು. ‘ಇಷ್ಟೊಂದು ಉಂಟಲ್ಲ’ ಎಂದು ಇನ್ನೂ ಮುಂದಿನ ಸುಳ್ಯಕ್ಕೂ ಹೋಗಿ ಬಂದರೆ ಸುಮಾರು 50 ಕಿ.ಮೀ. ಕಳೆಯಿತು. ಉಳಿದ ಐವತ್ತರ ಆಸುಪಾಸಿನಲ್ಲಿ 58ರ ಘಾಟಿ ಹತ್ತುವುದಿಲ್ಲ. ಘಾಟಿ ನಡುವಿನ ಮದೆನಾಡು ದಾಟಿದರೆ ಅದೃಷ್ಟ. ಮನೆ ಎತ್ತರದಲ್ಲಿರುವವರು ವಾಪಸಾತಿಯ ಖರ್ಚನ್ನು ಹೊರಡುವ ಮೊದಲೇ ಎತ್ತಿಡಬೇಕು. ಕೆಳಗೆ ನಿಂತಾಗ ಕಿ.ಮೀ. ಅಂಕಿ ನೋಡಬೇಡಿ, ಬ್ಯಾಟರಿ ಶೇಕಡಾ ನೋಡಿ. ಮೇಲಿನ ಉದಾಹರಣೆಯ ಗಾಡಿಗೆ ಸಂಪಾಜೆಯಲ್ಲಿ ಕನಿಷ್ಠ 65-70 ಶೇಕಡಾ ಬೇಕು, ಇಬ್ಬರಿದ್ದರೆ.

‘ಇಳಿಯುವಾಗ ಚಾರ್ಜ್ ಆಗ್ತದಲ್ಲ?’ ಆಗುತ್ತದೆ, ಆದರೆ ಜನ ಅಂದುಕೊಂಡಷ್ಟಲ್ಲ. ಸಾವಿರ ಮೀಟರ್ ಮೇಲಿಂದ 250 ಕೆ.ಜಿ. ಇಳಿದರೆ ಕೈಗೆ ಬರುವ ಒಟ್ಟು ಶಕ್ತಿ 0.68 ಕಿಲೋವ್ಯಾಟ್-ಅವರ್. ಅದರಲ್ಲಿ ಮುಕ್ಕಾಲು ಪಾಲಿನ ಹತ್ತಿರ 28 ಕಿ.ಮೀ. ಉದ್ದಕ್ಕೂ ಟೈರಿನ ಘರ್ಷಣೆಗೆ, ಗಾಳಿಗೆ ಹೋಗುತ್ತದೆ. ಉಳಿದದ್ದರಲ್ಲಿ ಮತ್ತೆ ಮೋಟಾರ್-ಕಂಟ್ರೋಲರ್ ನಷ್ಟ ಕಳೆದರೆ ಬ್ಯಾಟರಿಗೆ ಸೇರುವುದು ನಾಲ್ಕೈದು ಕಿ.ಮೀ. ಓಡುವಷ್ಟು. ಮರುಚಾರ್ಜಿನ ನಿಜವಾದ ಲಾಭ ಬ್ರೇಕಿಗೆ: ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ ಹಿಡಿದಂತೆ ಇಲ್ಲಿ ಮೋಟಾರ್ ಹಿಡಿಯುತ್ತದೆ, ಲೈನರ್, ಪ್ಯಾಡ್ ಉಳಿಯುತ್ತವೆ.

ಈ ಹಿಡಿತದಲ್ಲಿ ಒಂದು ಅಪಾಯ ಅಡಗಿದೆ. ಬ್ಯಾಟರಿ ನೂರಕ್ಕೆ ನೂರು ತುಂಬಿರುವಾಗ ಬರುವ ಕರೆಂಟಿಗೆ ಜಾಗವಿಲ್ಲ. ಬಿಎಂಎಸ್, ಅಂದರೆ ಬ್ಯಾಟರಿ ಕಾಯುವ ಸರ್ಕ್ಯೂಟ್, ಮರುಚಾರ್ಜನ್ನು ತಡೆಯುತ್ತದೆ. ರಾತ್ರಿ ಇಡೀ ಚಾರ್ಜ್ ಹಾಕಿ ಬೆಳಿಗ್ಗೆ ಮಡಿಕೇರಿಯಿಂದ ಸೀದಾ ಘಾಟಿಗೆ ಇಳಿದರೆ ಮೊದಲ ಕೆಲವು ತಿರುವುಗಳಲ್ಲಿ ದಿನಾ ಇರುವ ಹಿಡಿತ ಸಿಗುವುದಿಲ್ಲ. ಥ್ರಾಟಲ್ ಬಿಟ್ಟರೂ ಗಾಡಿ ಜಾರುತ್ತಲೇ ಹೋಗುತ್ತದೆ. ವಿರಾಜಪೇಟೆ ಕಡೆಯಿಂದ ಮಾಕುಟ್ಟ ಇಳಿಯುವವರಿಗೂ ಇದೇ ಮಾತು. ಇಳಿಜಾರಿನ ತಲೆಯಲ್ಲಿ ಮನೆ ಇರುವವರು 85-90 ಶೇಕಡಾಕ್ಕೆ ಚಾರ್ಜ್ ನಿಲ್ಲಿಸುವುದು ಒಳ್ಳೆಯದು. ಹಲವು ಗಾಡಿಗಳ ಆ್ಯಪಿನಲ್ಲಿ ಆ ಮಿತಿ ಇಡಬಹುದು. ಇನ್ನೊಂದು: ಮರುಚಾರ್ಜಿನ ಹಿಡಿತ ಬರುವುದು ಹಿಂದಿನ ಚಕ್ರಕ್ಕೆ ಮಾತ್ರ. ತೋಟದ ನೆರಳಲ್ಲಿ ಪಾಚಿ ಹಿಡಿದ ರಸ್ತೆಯಲ್ಲಿ, ಸಿಲ್ವರ್ ಓಕ್ ಎಲೆ ಕೊಳೆತು ಅಂಟಿರುವಲ್ಲಿ, ಥ್ರಾಟಲ್ ಫಕ್ಕನೆ ಬಿಟ್ಟರೆ ಬ್ರೇಕ್ ಮುಟ್ಟದೆಯೇ ಹಿಂದಿನ ಚಕ್ರ ಜಾರಬಹುದು. ಮಳೆಗಾಲದಲ್ಲಿ ಈ ಹಿಡಿತವನ್ನು ಕಡಿಮೆ ಮಟ್ಟಕ್ಕೆ ಇಟ್ಟು, ಎರಡೂ ಬ್ರೇಕನ್ನು ಹದವಾಗಿ ಬಳಸಿ.

ಈಗ ಮೋಟಾರ್. ಇದು ಸ್ವಲ್ಪ ವಿವರವಾಗಿ ಹೇಳಬೇಕಾದ ವಿಷಯ, ಯಾಕೆಂದರೆ ‘ಗಾಡಿ ಅರ್ಧ ಘಾಟಿಯಲ್ಲಿ ತಾನಾಗಿಯೇ ನಿಧಾನ ಆಯ್ತು’ ಎಂಬ ದೂರಿನ ಮೂಲ ಇಲ್ಲಿದೆ. ಇಬ್ಬರು ಕೂತ ಗಾಡಿ ಬಯಲಿನಲ್ಲಿ 30ರ ವೇಗದಲ್ಲಿ ಹೋಗಲು ಅರ್ಧ ಕಿಲೋವ್ಯಾಟ್ ಸಾಕು. 100 ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಅದೇ ವೇಗಕ್ಕೆ 2 ಕಿಲೋವ್ಯಾಟ್ ಬೇಕು, ನಾಲ್ಕು ಪಟ್ಟು. ಶೋರೂಮಿನಲ್ಲಿ ಹೇಳುವ 4, 5 ಕಿಲೋವ್ಯಾಟ್ ಎಲ್ಲ ‘ಪೀಕ್’, ಕೆಲವು ಸೆಕೆಂಡುಗಳ ಹುರುಪು. ನಿರಂತರವಾಗಿ ಎಷ್ಟು ಕೊಡುತ್ತದೆ ಎಂಬ ಅಂಕಿ ಬೇರೆ ಇರುತ್ತದೆ. ಘಾಟಿಗೆ ಬೇಕಾದದ್ದು ಅದು. ಕೇಳಿ ಬರೆಸಿಕೊಳ್ಳಿ.

ಮೋಟಾರಿನ ತಿರುಗುಬಲ ಕರೆಂಟಿಗೆ ತಕ್ಕಂತೆ ಏರುತ್ತದೆ, ಬಿಸಿಯೋ ಕರೆಂಟಿನ ವರ್ಗಕ್ಕೆ ತಕ್ಕಂತೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಒಂದು ಮಿತಿ ದಾಟಿದಾಗ ಕಂಟ್ರೋಲರ್ ಕರೆಂಟ್ ಕಡಿತ ಮಾಡುತ್ತದೆ. ನಿಮಗೆ ಅದು ‘ಗಾಡಿ ಸೊರಗಿತು’ ಎಂದು ಗೊತ್ತಾಗುತ್ತದೆ. ಹಾಳಾಗಿದೆಯೆಂದಲ್ಲ, ಸುಡದಿರಲಿ ಎಂದು. ಚಕ್ರದೊಳಗೇ ಕೂತಿರುವ ಹಬ್ ಮೋಟಾರಿಗೆ ಗೇರ್ ಇಲ್ಲ, ಬಿಸಿ ಹೊರಹೋಗುವ ದಾರಿಯೂ ಕಿರಿದು. ಗಾಡಿಯ ಮಧ್ಯದಲ್ಲಿ ಕೂತು ಬೆಲ್ಟ್ ಅಥವಾ ಚೈನಿನಿಂದ ಚಕ್ರ ತಿರುಗಿಸುವ ಮೋಟಾರಿಗೆ ವೇಗ ತಗ್ಗಿಸುವ ಅನುಕೂಲ ಇರುವುದರಿಂದ ಅದೇ ಏರಿಗೆ ಕಡಿಮೆ ಕರೆಂಟ್ ಸಾಕು. ದಿನಾ ಘಾಟಿ ಹತ್ತುವವರಿಗೆ ನನ್ನ ಆಯ್ಕೆ ಎರಡನೆಯದು. ತೋಟದ ಕಲ್ಲುದಾರಿಯಲ್ಲೇ ಹೆಚ್ಚು ಓಡಿಸುವವರು ಮಾತ್ರ ಬೆಲ್ಟಿನ ನಡುವೆ ಕಲ್ಲು ಸಿಕ್ಕಿ ಹಲ್ಲು ತಿನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಘಾಟಿಯನ್ನು ತೀರಾ ನಿಧಾನ ಹತ್ತಿದರೆ ಮೋಟಾರಿಗೆ ಸುಖ ಎಂಬುದು ತಪ್ಪು ತಿಳುವಳಿಕೆ. ಏರಿನಲ್ಲಿ ಚಕ್ರಕ್ಕೆ ಬೇಕಾದ ಬಲ ವೇಗದ ಮೇಲೆ ಅಷ್ಟಾಗಿ ನಿಂತಿಲ್ಲ; 15ರಲ್ಲಿ ಹೋದರೂ 30ರಲ್ಲಿ ಹೋದರೂ ಮೋಟಾರಿನ ಸುರುಳಿಯಲ್ಲಿ ಹರಿಯುವ ಕರೆಂಟ್ ಹೆಚ್ಚುಕಡಿಮೆ ಅಷ್ಟೇ. 15ರಲ್ಲಿ ಹೋದರೆ ಆ ಬಿಸಿಯನ್ನು ಎರಡು ಪಟ್ಟು ಹೊತ್ತು ತಿನ್ನಬೇಕು, ತಣಿಸುವ ಗಾಳಿಯೂ ಕಡಿಮೆ. 50ರಲ್ಲಿ ಹೋದರೆ ಬ್ಯಾಟರಿ, ಕಂಟ್ರೋಲರ್ ಬಿಸಿಯಾಗುತ್ತವೆ. 30-35ರ ಏಕರೂಪ ವೇಗ ಒಳ್ಳೆಯದು. ಇಕೋ ಮೋಡಿನಲ್ಲಿ ಕರೆಂಟಿಗೆ ಮಿತಿ ಹಾಕಿರುತ್ತಾರೆ, ಕಡಿದಾದ ತಿರುವಿನಲ್ಲಿ ಗಾಡಿ ಎಳೆಯುವುದಿಲ್ಲ. ಏರು ಶುರುವಾಗುವ ಮೊದಲೇ ನಡುವಿನ ಮೋಡಿಗೆ ಬದಲಿಸಿ. ಗಾಡಿ ಸೊರಗಿದರೆ ಬದಿಗೆ ನಿಲ್ಲಿಸಿ ಹತ್ತು-ಹದಿನೈದು ನಿಮಿಷ ಬಿಡಿ. ಬಿಸಿ ಮೋಟಾರಿಗೆ ನೀರು ಸುರಿಯಬೇಡಿ. ಒಳಗಿನ ಗಾಳಿ ಥಟ್ಟನೆ ಕುಗ್ಗಿ, ಸೀಲಿನ ಸಂದಿಯಿಂದ ಹೊರಗಿನ ನೀರನ್ನು ಒಳಗೆಳೆದುಕೊಳ್ಳುತ್ತದೆ. ಘಾಟಿ ಹತ್ತಿದ ಕೂಡಲೇ ಹರಿಯುವ ತೊರೆಗೆ ಇಳಿಸಿದರೂ ಇದೇ ಆಗುತ್ತದೆ.

ನೋಂದಣಿ, ಲೈಸೆನ್ಸ್ ಬೇಡದ 250 ವ್ಯಾಟಿನ, 25 ಕಿ.ಮೀ. ವೇಗದೊಳಗಿನ ಗಾಡಿಗಳ ವಿಚಾರ ಒಂದೇ ಮಾತಿನಲ್ಲಿ: ಬೇಡ. 8 ಶೇಕಡಾ ಏರಿನಲ್ಲಿ 250 ವ್ಯಾಟ್ ಒಬ್ಬರನ್ನು ಗಂಟೆಗೆ 7 ಕಿ.ಮೀ. ವೇಗದಲ್ಲಿ ಒಯ್ಯುತ್ತದೆ, ಇಬ್ಬರನ್ನು 5ರಲ್ಲಿ. ಇಳಿದು ನಡೆದರೆ ಅಷ್ಟೇ ಹೊತ್ತು.

ಕರಪತ್ರದಲ್ಲಿ ‘ಗ್ರೇಡೆಬಿಲಿಟಿ’ ಎಂದು ಕೊಟ್ಟಿರುವ ಅಂಕಿ ಡಿಗ್ರಿಯೋ ಶೇಕಡಾವೋ ನೋಡಿಕೊಳ್ಳಿ. 7 ಡಿಗ್ರಿ ಅಂದರೆ 12 ಶೇಕಡಾ, 12 ಡಿಗ್ರಿ ಅಂದರೆ 21 ಶೇಕಡಾ. ಆ ಏರನ್ನು ಹತ್ತಬಲ್ಲದು ಎಂದಷ್ಟೇ ಅದರ ಅರ್ಥ. ಎಷ್ಟು ಹೊತ್ತು ಎಂಬುದು ಅದರಲ್ಲಿಲ್ಲ. ಅದಕ್ಕಿಂತ ಟೆಸ್ಟ್ ರೈಡ್ ಮೇಲು. ಮಡಿಕೇರಿಯಲ್ಲಾದರೆ ಓಂಕಾರೇಶ್ವರ ದೇವಸ್ಥಾನದ ತಗ್ಗಿನಿಂದ ಪೇಟೆಗೆ ಹತ್ತುವ ರಸ್ತೆ ಇದೆ. ಇಬ್ಬರು ಕೂತು, ಏರಿನ ನಡುವೆ ಪೂರ್ತಿ ನಿಲ್ಲಿಸಿ, ಅಲ್ಲಿಂದ ಹೊರಡಿಸಿ. ಇಲ್ಲಿ ನೋಡಬೇಕಾದದ್ದು ಬಲ ಮಾತ್ರವಲ್ಲ. ಸುರಕ್ಷತೆಗೆಂದು ಇ-ಸ್ಕೂಟರುಗಳಲ್ಲಿ ಬ್ರೇಕ್ ಹಿಡಿದಾಗ ಮೋಟಾರಿಗೆ ಕರೆಂಟ್ ಕಡಿತವಾಗುತ್ತದೆ. ಹಾಗಾಗಿ ಪೆಟ್ರೋಲ್ ಸ್ಕೂಟರಿನಲ್ಲಿ ಮಾಡುವಂತೆ ಬ್ರೇಕ್ ಹಿಡಿದೇ ಆಕ್ಸಿಲರೇಟರ್ ಕೊಟ್ಟು ಹೊರಡಲಾಗದು; ಬ್ರೇಕ್ ಬಿಟ್ಟು ಮೋಟಾರ್ ಹಿಡಿಯುವ ನಡುವೆ ಗಾಡಿ ಹಿಂದಕ್ಕೆ ಸರಿಯುತ್ತದೆ. ‘ಹಿಲ್ ಹೋಲ್ಡ್’ ಇದ್ದರೆ ಈ ತೊಂದರೆ ಇಲ್ಲ, ಕೊಡಗಿನಲ್ಲಿ ಅದಕ್ಕೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಟ್ರಾಫಿಕ್ಕಿನಲ್ಲಿ ಏರಿನಲ್ಲಿ ನಿಂತಾಗ ಥ್ರಾಟಲ್ ಸ್ವಲ್ಪ ತಿರುವಿ ಗಾಡಿಯನ್ನು ಹಿಡಿದಿಡುವ ಅಭ್ಯಾಸ ಮಾತ್ರ ಬೇಡ. ಚಕ್ರ ತಿರುಗದಿದ್ದಾಗ ಹರಿದ ಕರೆಂಟೆಲ್ಲ ಬಿಸಿಯೇ, ಅದೂ ಮೂರು ಸುರುಳಿಗಳಲ್ಲಿ ಒಂದೆರಡರ ಮೇಲೇ ಬೀಳುತ್ತದೆ.

ಎತ್ತರದ ಬಗ್ಗೆ ಒಂದು ಒಳ್ಳೆಯ ಮಾತೂ ಇದೆ. ಮಡಿಕೇರಿಯ ಎತ್ತರದಲ್ಲಿ ಗಾಳಿ ಸುಮಾರು ಹತ್ತನೇ ಒಂದು ಪಾಲು ತೆಳು. ಪೆಟ್ರೋಲ್ ಎಂಜಿನ್ ಅಷ್ಟು ಬಲ ಕಳೆದುಕೊಳ್ಳುತ್ತದೆ, ಮೋಟಾರ್ ಕಳೆದುಕೊಳ್ಳುವುದಿಲ್ಲ. ತಂಪು ಹವೆಯಲ್ಲಿ ಲಿಥಿಯಂ ಬ್ಯಾಟರಿ ನಿಧಾನವಾಗಿ ಮುದಿಯಾಗುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಎಂಬ ನಿಯಮವಿದೆ, ನಮ್ಮ ಡಿಸೆಂಬರ್ ಅಲ್ಲಿಗೆ ಹೋಗುವುದಿಲ್ಲ.

ಮಳೆ ಬೇರೆ ಕಥೆ. 2022ರಲ್ಲಿ ದೇಶದಲ್ಲಿ ಕೆಲವು ಗಾಡಿಗಳಿಗೆ ಬೆಂಕಿ ಹತ್ತಿದ ಮೇಲೆ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿದರು; ಅದು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಯಿಂದ ಎರಡು ಹಂತಗಳಲ್ಲಿ ಜಾರಿಯಾಯಿತು. ಹಳೆಯ ಗಾಡಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ತಯಾರಿ ದಿನಾಂಕ ನೋಡಬೇಕಾದದ್ದು ಇದಕ್ಕೆ. ‘ಐಪಿ67’ ಎಂದಿದ್ದರೆ ಧೂಳು ಒಳಹೋಗದು, 1 ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ ಇಟ್ಟರೂ ನೀರು ಒಳಹೋಗದು ಎಂದರ್ಥ. ಹರಿಯುವ ಕೆಸರು ನೀರಿಗೆ, ಪ್ರೆಶರ್ ವಾಷರಿನ ಏಟಿಗೆ ಅದು ಭರವಸೆಯಲ್ಲ. ಜೊತೆಗೆ ಆ ಸಂಖ್ಯೆ ಬ್ಯಾಟರಿಗೋ ಮೋಟಾರಿಗೋ ಅನ್ವಯಿಸುತ್ತದೆ, ಇಡೀ ಗಾಡಿಗಲ್ಲ. ಸ್ವಿಚ್ಚು, ಕನೆಕ್ಟರ್, ಚಾರ್ಜಿಂಗ್ ಬಾಯಿ ಬೇರೆ. ಹಬ್ ಮೋಟಾರಿನಲ್ಲಿ ದಪ್ಪ ವೈರುಗಳೂ, ಚಕ್ರ ಎಲ್ಲಿ ತಿರುಗಿದೆ ಎಂದು ತಿಳಿಸುವ ಹಾಲ್ ಸೆನ್ಸರಿನ ವೈರುಗಳೂ ಅಚ್ಚಿನ (ಆಕ್ಸಲ್) ತೂತಿನಿಂದ ಹೊರಬರುತ್ತವೆ. ನೀರು ನುಗ್ಗುವುದು ಅಲ್ಲಿ. ಹೊರಡುವಾಗ ಗಾಡಿ ಗದಗದ ನಡುಗಿ, ಸ್ವಲ್ಪ ತಳ್ಳಿದರೆ ಸರಿಯಾಗಿ ಓಡುತ್ತದೆಂದರೆ ಹಾಲ್ ಸೆನ್ಸರಿನ ಮೇಲೆ ಮೊದಲ ಸಂಶಯ. ಭಾಗಮಂಡಲದಲ್ಲಿ ಸಂಗಮ ಉಕ್ಕಿ ರಸ್ತೆಗೆ ನೀರು ಬಂದಂಥ ಕಡೆ ಅಚ್ಚಿನ ಮಟ್ಟಕ್ಕಿಂತ ಮೇಲಿನ ನೀರಿಗೆ ಗಾಡಿ ಇಳಿಸಬೇಡಿ. ತೋಟದ ಮನೆಗಳಲ್ಲಿ ಇನ್ನೊಂದು ಕಾಟ ಇಲಿ: ಮಳೆಗಾಲದಲ್ಲಿ ಬೆಚ್ಚಗೆ ಕೂರಲು ಸೀಟಿನಡಿ ಸೇರಿ ವೈರ್ ಕಡಿಯುತ್ತವೆ.

ಚಾರ್ಜಿಂಗ್ ವಿಷಯದಲ್ಲಿ ಕೊಡಗಿನ ಸಮಸ್ಯೆ ಪ್ಲಗ್ ಪಾಯಿಂಟ್ ಇಲ್ಲದ್ದಲ್ಲ, ವೋಲ್ಟೇಜ್ ಇಲ್ಲದ್ದು. ಟ್ರಾನ್ಸ್‌ಫಾರ್ಮರಿನಿಂದ ದೂರದ ಕೂಲಿಕಾರರ ಲೈನ್ ಮನೆಗೆ, ಕುಟುಂಬದ ಮೂಲಮನೆಯಾದ ಐನ್‌ಮನೆಗೆ ಸಂಜೆ ಹೊತ್ತು 170 ವೋಲ್ಟ್ ಬಂದರೆ ಆಶ್ಚರ್ಯವಿಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಹಾಯಿಸುವ ಪಂಪುಗಳು ಓಡುವಾಗ, ಕೊಯ್ಲಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುವಾಗ ಇನ್ನೂ ಇಳಿಯುತ್ತದೆ. ಮನೆಗೆ ಕೊಡುವ ಚಾರ್ಜರ್ ಸಾಮಾನ್ಯವಾಗಿ 750-800 ವ್ಯಾಟಿನದು. ವೋಲ್ಟೇಜ್ ಇಳಿದಂತೆ ಅದು ಕರೆಂಟ್ ಹೆಚ್ಚು ಎಳೆಯುತ್ತದೆ: 230 ವೋಲ್ಟಿನಲ್ಲಿ ಮೂರೂವರೆ ಆಂಪಿಯರ್, 170ರಲ್ಲಿ 4.7. ಸಡಿಲವಾದ ಹಳೆಯ ಸಾಕೆಟ್ ಕರಗುವುದು ಈ ಕಾರಣಕ್ಕೆ. ಇನ್ನೂ ಇಳಿದರೆ ಚಾರ್ಜರ್ ತಾನೇ ನಿಲ್ಲುತ್ತದೆ, ಬೆಳಿಗ್ಗೆ ನೋಡಿದರೆ ಗಾಡಿ 40 ಶೇಕಡಾದಲ್ಲೇ ಇರುತ್ತದೆ. ಕೊಳ್ಳುವ ಮೊದಲು ಮಲ್ಟಿಮೀಟರ್ ಹಿಡಿದು ಸಂಜೆ 7ಕ್ಕೆ, ರಾತ್ರಿ 11ಕ್ಕೆ, ಪಂಪ್ ಓಡುವಾಗ ಅಳೆದು, ಚಾರ್ಜರ್ ಮೇಲೆ ಬರೆದಿರುವ ಕನಿಷ್ಠ ವೋಲ್ಟೇಜಿನ ಜೊತೆ ಹೋಲಿಸಿ. ಬಹಳ ಕಡೆ ರಾತ್ರಿ ಹನ್ನೊಂದರ ನಂತರ ಟೈಮರ್ ಇಟ್ಟು ಚಾರ್ಜ್ ಮಾಡಿದರೆ ಸಾಕಾಗುತ್ತದೆ. 3 ಕಿಲೋವ್ಯಾಟ್-ಅವರ್ ಬ್ಯಾಟರಿ ತುಂಬಲು ನಾಲ್ಕೂವರೆ-ಐದು ಗಂಟೆ ಬೇಕು, ಮೀಟರಿನಲ್ಲಿ ಓಡುವುದು ಮೂರೂವರೆ ಯೂನಿಟ್ಟಿನ ಹತ್ತಿರ.

ಸಾಕೆಟ್ 16 ಆಂಪಿಯರಿನದು, ವೈರ್ 2.5 ಚದರ ಮಿ.ಮೀ. ತಾಮ್ರದ್ದು, ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ. ಸುತ್ತಿಟ್ಟ ಎಕ್ಸ್‌ಟೆನ್ಷನ್ ವೈರ್ ಬೇಡ, ಸುರುಳಿಯೊಳಗೆ ಬಿಸಿ ಕೂಡಿಕೊಳ್ಳುತ್ತದೆ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆದಾಗ 2-3 ವೋಲ್ಟಿನೊಳಗಿರಬೇಕು. 5 ದಾಟಿದರೆ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಮಳೆಗಾಲದಲ್ಲಿ ಸರಿಯಿದ್ದ ಅರ್ತಿಂಗ್ ಮಾರ್ಚಿನಲ್ಲಿ ನೆಲ ಒಣಗಿದಾಗ ಕೈಕೊಡುತ್ತದೆ. ಏಪ್ರಿಲ್-ಮೇಯ ಗುಡುಗು ಮಳೆಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಮನೆಯ ಇನ್ವರ್ಟರಿನಿಂದ ಚಾರ್ಜ್ ಮಾಡುವ ಆಲೋಚನೆ ಬಿಡಿ: 150 ಆಂಪಿಯರ್-ಅವರಿನ ಒಂದು ಬ್ಯಾಟರಿಯಲ್ಲಿ ಲೆಕ್ಕಕ್ಕೇ 1.8 ಯೂನಿಟ್ ಇರುವುದು, ಅದೂ ಪೂರ್ತಿ ಸಿಗುವುದಿಲ್ಲ. ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಗಾಡಿಯನ್ನು ಸದಾ 80ರ ಮೇಲೆ ಇಟ್ಟುಕೊಳ್ಳುವುದೊಂದೇ ಉಪಾಯ. ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದಾದರೆ ಆಗಾಗ ನೂರಕ್ಕೆ ತುಂಬಿಸಲೇಬೇಕು. ಅದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಬದಲಾಗದ ಕಾರಣ ಪೂರ್ತಿ ತುಂಬದೆ ಬಿಎಂಎಸ್‌ಗೆ ಸರಿಯಾದ ಶೇಕಡಾ ಸಿಗುವುದಿಲ್ಲ. ಎನ್‌ಎಂಸಿ ಎಂಬ ಇನ್ನೊಂದು ಲಿಥಿಯಂ ಜಾತಿಗೆ ಆ ಅಗತ್ಯ ಕಡಿಮೆ.

ಆ್ಯಪ್, ಬ್ಲೂಟೂತ್ ಕೀಲಿ, ನಕ್ಷೆಗಳೆಲ್ಲ ನೆಟ್‌ವರ್ಕ್ ಇರುವ ಊರಿನವರು ಮಾಡಿದ್ದು. ಕಣಿವೆಯಲ್ಲಿ, ತೋಟದ ನಡುವೆ ಸಿಗ್ನಲ್ ಇರುವುದಿಲ್ಲ. ಟೆಸ್ಟ್ ರೈಡಿನಲ್ಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಗಾಡಿ ಆರಿಸಿ ಮತ್ತೆ ಚಾಲೂ ಮಾಡಿ ನೋಡಿ. ಲೋಹದ ಕೀಲಿಯೋ, ಪರದೆಯಲ್ಲಿ ಒತ್ತುವ ಗುಪ್ತ ಸಂಖ್ಯೆಯೋ ಇಲ್ಲದ ಗಾಡಿ ಇಲ್ಲಿಗೆ ಹೇಳಿದ್ದಲ್ಲ.

ಬೆಂಗಳೂರಿನಲ್ಲಿದ್ದು ಕೊಡವರ ಹಬ್ಬಗಳಾದ ಪುತ್ತರಿಗೆ, ಕೈಲ್‌ಪೊಳ್ದಿಗೆ ಮಾತ್ರ ಊರಿಗೆ ಬರುವವರು ಗಾಡಿಯನ್ನು ಐನ್‌ಮನೆಯಲ್ಲಿ ಬಿಟ್ಟು ಹೋಗುವುದಾದರೆ 50-60 ಶೇಕಡಾದಲ್ಲಿ ಬಿಡಿ. ತುಂಬಿಸಿಟ್ಟರೆ ಬ್ಯಾಟರಿ ಬೇಗ ಸವೆಯುತ್ತದೆ, ಖಾಲಿ ಬಿಟ್ಟರೆ ಮತ್ತೆ ಏಳದಿರಬಹುದು. ಹಲವು ಗಾಡಿಗಳಲ್ಲಿ ದೊಡ್ಡ ಬ್ಯಾಟರಿಯ ಜೊತೆಗೆ ದೀಪ, ಪರದೆ, ಲಾಕ್‌ಗಳಿಗೆಂದು 12 ವೋಲ್ಟಿನ ಚಿಕ್ಕ ಬ್ಯಾಟರಿ ಇರುತ್ತದೆ. ಒಂದೆರಡು ತಿಂಗಳು ನಿಂತರೆ ಅದು ಇಳಿದು, ದೊಡ್ಡದರಲ್ಲಿ ಅರ್ಧ ಚಾರ್ಜ್ ಇದ್ದರೂ ಗಾಡಿ ಕಣ್ಣೇ ಬಿಡುವುದಿಲ್ಲ. ಹೊರಡುವಾಗ ಅದರ ಒಂದು ತುದಿಯ ವೈರ್ ಬಿಚ್ಚಿಸಿ, ಅಥವಾ ತಿಂಗಳಿಗೊಮ್ಮೆ ಯಾರಾದರೂ ಗಾಡಿ ಚಾಲೂ ಮಾಡಿ ಒಂದು ಗಂಟೆ ಚಾರ್ಜಿಗೆ ಹಾಕುವಂತೆ ಹೇಳಿ ಹೋಗಿ. ಹೊಸ 12 ವೋಲ್ಟ್ ಬ್ಯಾಟರಿ ಹಾಕುವುದಿದ್ದರೆ ಹಳೆಯದರ ಆಂಪಿಯರ್-ಅವರ್ ಜೊತೆಗೆ ಉದ್ದಗಲವನ್ನೂ ಅಳೆದುಕೊಂಡು ಪೇಟೆಗೆ ಹೋಗಿ. ಪೆಟ್ರೋಲ್ ಬೈಕಿನದು ಹೆಚ್ಚಿನ ಗಾಡಿಗಳ ಗೂಡಿನಲ್ಲಿ ಕೂರುವುದಿಲ್ಲ.